ಚೋರ್ ಹವಾ ಹಿಡಿದ ಗುರುವಾರ

ರಸ್ತೆಯ ಮೇಲೆ ಚೆನ್ನಾಗಿ ಓಡಿ, ನಿಂತ ಕೂಡಲೇ ಆಫ್ ಆಗುವ ಪೆಟ್ರೋಲ್ ಕಾರಿನಷ್ಟು ನನ್ನನ್ನು ಗೋಳು ಹೊಯ್ದುಕೊಂಡ ವಸ್ತು ಇನ್ನೊಂದಿಲ್ಲ. ಸಿಂಧನೂರಿನ ಒಂದು ಗ್ಯಾರೇಜಿನಲ್ಲಿ ಆಯುಷ್ಯವೆಲ್ಲ ಕಳೆದು ಈಗ ಮನೆಯಲ್ಲಿ ಕುಳಿತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಆಗಾಗ ಬಂದು, "ಮೇಸ್ತ್ರೀ, ನಿಮ್ಮ ಅನುಭವ ಹೇಳ್ರಿ" ಎನ್ನುತ್ತಾರೆ. ಬಡ್ತಿಯ ಬಗ್ಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಗ್ಯಾರೇಜಿನಲ್ಲಿ ಬಡ್ತಿ ಎಂದರೆ ಗಾಡಿಯ ಕೆಳಗೆ ಮಲಗುತ್ತಿದ್ದವನು ಗಾಡಿಯ ಮುಂದೆ ನಿಲ್ಲುವುದು, ಅಷ್ಟೇ. ಅದಕ್ಕೇ ಒಂದೇ ಒಂದು ಕಾಯಿಲೆಯ ಕಥೆ ಹೇಳುತ್ತೇನೆ. ಆ ಕಾಯಿಲೆಯನ್ನು ನಾನು ಕಿವಿಯಿಂದ ಹಿಡಿಯುತ್ತಿದ್ದೆ. ಕಡೆಗೆ ಕಿವಿಯೇ ಕೈಕೊಟ್ಟಿತು. ಆಮೇಲೆ ನಾನು ಮೇಸ್ತ್ರಿಯಾಗಿ ಉಳಿಯುತ್ತೇನೋ ಇಲ್ಲವೋ ಎಂಬುದು ಮಸ್ಕಿಯ ಒಬ್ಬ ಹೆಣ್ಣುಮಗಳ ಕಾರಿನ ಮೇಲೆ ನಿಂತಿತು, ಆಕೆ ಮುಂದೆ ಕಾರು ಓಡಿಸುತ್ತಾಳೋ ಇಲ್ಲವೋ ಎಂಬುದು ನನ್ನ ಮೇಲೆ.

ಮೊದಲು ಕಾಯಿಲೆ ಏನೆಂದು ಹೇಳಿಬಿಡುತ್ತೇನೆ. ಪೆಟ್ರೋಲ್ ಇಂಜಿನ್ ಗಾಳಿ ಕುಡಿಯುವುದು ಒಂದೇ ಬಾಗಿಲಿನಿಂದ. ಅಲ್ಲಿ ಬಂದ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಬೀಳುತ್ತದೆ. ಗಾಡಿ ನಿಂತಾಗ ಆ ಬಾಗಿಲು ಬಹುತೇಕ ಮುಚ್ಚಿರುತ್ತದೆ, ಇಂಜಿನ್ ಒಳಗಿನಿಂದ ಜೋರಾಗಿ ಎಳೆಯುತ್ತಿರುತ್ತದೆ. ಆ ಹೊತ್ತಿನಲ್ಲಿ ಯಾವುದೋ ರಬ್ಬರ್ ಪೈಪು ಸೀಳಿದ್ದರೆ ಅಲ್ಲಿಂದ ಲೆಕ್ಕಕ್ಕಿಲ್ಲದ ಗಾಳಿ ನುಗ್ಗುತ್ತದೆ. ಕಬ್ಬಿನ ಹಾಲು ಕುಡಿಯುವಾಗ ಸ್ಟ್ರಾ ಸೀಳಿದ್ದರೆ ಬಾಯಿಗೆ ಹಾಲು ಕಡಿಮೆ, ಗಾಳಿ ಹೆಚ್ಚು ಬರುವುದಿಲ್ಲವೇ, ಹಾಗೆ. ಇಂಜಿನ್ ನಡುಗುತ್ತದೆ, ಆಫ್ ಆಗುತ್ತದೆ. ಎಕ್ಸಿಲೇಟರ್ ತುಳಿದರೆ ಬಾಗಿಲು ಪೂರ್ತಿ ತೆರೆಯುವುದರಿಂದ ಆ ಸಣ್ಣ ಸೀಳಿನ ಗಾಳಿ ಗಣನೆಗೇ ಬರುವುದಿಲ್ಲ. ಅದಕ್ಕೇ ಓಡುವಾಗ ಗಾಡಿ ರಾಜನಂತೆ ಇರುತ್ತದೆ, ಹಂಪ್ ಹತ್ತಿರ ಬಂದರೆ ಪ್ರಾಣ ಬಿಡುತ್ತದೆ.

ನನ್ನ ಉಸ್ತಾದ್ ಖಾಜಾಸಾಬರು ಆ ಗಾಳಿಯನ್ನು ಚೋರ್ ಹವಾ ಎನ್ನುತ್ತಿದ್ದರು. ಕಳ್ಳ ಗಾಳಿ. ಬಿಳಿ ಗಡ್ಡ, ಗ್ರೀಸಿನ ಲುಂಗಿ, ಬಾಯಲ್ಲಿ ಸದಾ ಅಡಿಕೆ. ಯಾವ ಗಾಡಿ ಬಂದರೂ ಪಾನಾ, ಅಂದರೆ ಸ್ಪ್ಯಾನರ್, ಮುಟ್ಟುವ ಮೊದಲು ಕೈಕಟ್ಟಿ ನಿಲ್ಲಬೇಕು ಎಂಬುದು ಅವರ ಕಾನೂನು. ಬಳಗಾನೂರಿನ ಅಕ್ಕಿ ಗಿರಣಿಯವರ ಕಾರು ಹೀಗೇ ನಿಂತು ನಿಂತು ಆಫ್ ಆಗುತ್ತಿದೆ ಎಂದು ಬಂದಾಗ ನಾನು ಉತ್ಸಾಹದಲ್ಲಿ ಪ್ಲಗ್ ಬಿಚ್ಚಲು ಹೋದೆ. ಉಸ್ತಾದ್ ನನ್ನ ಕೈಗೆ ಫಟ್ ಎಂದು ಬಾರಿಸಿದರು.

"ಲೇ ಶರಣ್ಯಾ, ಪಾನಾ ಕೆಳಗಿಡು. ಗಾಡಿ ಮಾತಾಡಾಕತ್ಯಾದ, ನೀ ಕೇಳವಲ್ಲಿ."

"ಏನ್ ಮಾತಾಡಾಕತ್ಯಾದ್ರೀ ಉಸ್ತಾದ್? ಬರೇ ಗಡಗಡ ಅಂತದ."

ಅವರು ಗಾಜಿಗೆ ನೀರು ಚಿಮ್ಮಿಸುವ ತೆಳ್ಳನೆಯ ಪೈಪಿನ ತುಂಡೊಂದನ್ನು ತಂದು ಒಂದು ತುದಿ ನನ್ನ ಕಿವಿಗಿಟ್ಟರು. ಇನ್ನೊಂದು ತುದಿಯನ್ನು ಇಂಜಿನ್ ಮೇಲೆ ನಿಧಾನ ಓಡಾಡಿಸಿದರು. ಇಲ್ಲಿ ಗಡಗಡ, ಅಲ್ಲಿ ಟಿಕಟಿಕ. ಒಂದು ಜಾಗಕ್ಕೆ ಬಂದಾಗ ಸುಂಯ್ ಎಂಬ ಸಣ್ಣ ಸಿಳ್ಳೆ. ಬ್ರೇಕಿಗೆ ಹೋಗುವ ಪೈಪಿನ ಬುಡದಲ್ಲಿ ಸೀಳು. ನನಗೆ ಮೈ ಜುಂ ಎಂದಿತು. ಆವತ್ತು ಸಂಜೆ ನಾನು ಮನೆಗೆ ಹೋಗಿ ಕುಕ್ಕರಿನಿಂದ ಹಿಡಿದು ಸೈಕಲ್ ಟ್ಯೂಬಿನವರೆಗೆ ಎಲ್ಲದಕ್ಕೂ ಪೈಪು ಹಿಡಿದು ಕೇಳಿದೆ. ಅವ್ವ ಹುಡುಗನಿಗೆ ಏನೋ ಬಡಿದಿದೆ ಎಂದು ಹೆದರಿದಳು.

ಉಸ್ತಾದ್ ತೀರಿಹೋದ ಮೇಲೆ ಆ ಕಿವಿಯ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಮಾಲೀಕ ವೀರಭದ್ರಪ್ಪನವರು ಲಿಂಗಸುಗೂರಿನಲ್ಲಿ ಇನ್ನೊಂದು ಸಣ್ಣ ಗ್ಯಾರೇಜು ತೆರೆದು ನನ್ನನ್ನು ಕೆಲವು ವರ್ಷ ಅಲ್ಲಿಗೆ ಕಳಿಸಿದರು. ಅಲ್ಲಿ ನನಗೆ ವರ್ಷದ ದೊಡ್ಡ ಸುಗ್ಗಿ ಎಂದರೆ ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ಮರುದಿನ. ಹಬ್ಬದ ದಿನ ಸುತ್ತಲಿನ ಜನರೆಲ್ಲ ಮನೆಯ ಮುಂದೆ ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ಪೈಪು ಹಚ್ಚಿ ಇಂಜಿನ್ನನ್ನು ಎಮ್ಮೆಯಂತೆ ಮೈತೊಳೆಯುತ್ತಿದ್ದರು. ಆಮೇಲೆ ವಿಭೂತಿ, ಕುಂಕುಮ, ಚೆಂಡುಹೂವು. ಹೊರಗಿನ ಬಂಪರಿಗೆ ಒಂದು ಹಾರ ಸಾಲದು. ನಡೆಯುವುದು ಇಂಜಿನ್ ಅಲ್ಲವೇ, ಅದಕ್ಕೂ ಒಂದು ಬೇಕು. ಇಂಜಿನ್ನಿಗೆ ಹಾರ ಕಟ್ಟಲು ದಾರ ಸುತ್ತಿಕೊಳ್ಳುವಂಥ ಸಣ್ಣ ಜಾಗ ಹುಡುಕಿದರೆ ಸಿಗುವುದು ಒಂದೇ, ಬೆರಳು ದಪ್ಪದ ಆ ರಬ್ಬರ್ ಪೈಪು. ಇಂಜಿನ್ ನಡುಗಿದಂತೆ ಹಾರ ಜಗ್ಗುತ್ತದೆ, ಹಾರ ಜಗ್ಗಿದಂತೆ ಪೈಪು ಬಾಯಿ ಬಿಟ್ಟು ಕಳಚಿಕೊಳ್ಳುತ್ತದೆ.

ಹಟ್ಟಿಯ ಗಣಿಯಲ್ಲಿ ಶಿಫ್ಟಿನ ಮೇಲೆ ಕೆಲಸ ಮಾಡುವ ಹನುಮಂತಪ್ಪ ಎಂಬುವರು ಒಂದು ಸಲ ಹೀಗೇ ಬಂದರು. ಗೇಟಿನ ಹತ್ತಿರ ಆಫ್, ಗೇಟು ದಾಟಿ ಆಫ್. ಇಳಿದವರೇ ತಲೆಯ ಮೇಲೆ ಕೈಹೊತ್ತು ನಿಂತರು.

"ನಿನ್ನಿ ಪೂಜಿ ಮಾಡೀನ್ರೀ, ಇವತ್ತ ಹಿಂಗ ಮಾಡಾಕತ್ಯಾದ. ಪೂಜಿಯಾಗೇನರ ತಪ್ಪಾಗ್ಯಾದೇನ್ರೀ?"

"ಪೂಜಿ ಬರೋಬರಿ ಆಗ್ಯಾದ್ರೀ. ಹಾರ ಕಟ್ಟಿದ ಜಾಗ ಬರೋಬರಿ ಇಲ್ಲ."

"ಅಯ್ಯೋ, ಹರೀಬ್ಯಾಡ್ರೀ! ನನ್ನ ಹೇಣ್ತಿ ಉಪವಾಸ ಇದ್ದು ಕಟ್ಯಾಳ. ಬಾಡಿ ತಾನಾಗೇ ಉದುರೂತನಕ ಮುಟ್ಟಬಾರದಂತ ಹೇಳ್ಯಾಳ."

ನನಗೆ ನಗು ತಡೆಯಲಿಲ್ಲ, ಆದರೂ ತಡೆದುಕೊಂಡೆ. ಹಾರವನ್ನು ಹರಿಯದೆ ಗಂಟು ಬಿಚ್ಚಿ, ಬಾನೆಟ್ ಎತ್ತಿ ಹಿಡಿಯುವ ಕಬ್ಬಿಣದ ಕಡ್ಡಿಗೆ ಕಟ್ಟಿಕೊಟ್ಟೆ. ಪೈಪು ಒತ್ತಿ ಕೂರಿಸಿದ ಕೂಡಲೇ ಇಂಜಿನ್ ತಣ್ಣಗೆ ನಡೆಯಿತು. ಹನುಮಂತಪ್ಪನವರು ಬಾನೆಟ್ಟಿಗೆ ಕೈಮುಗಿದರು, ನನಗಲ್ಲ. ಅವರು ಈ ಸುದ್ದಿಯನ್ನು ಕಂಪನಿಯ ಕ್ವಾರ್ಟರ್ಸಿನ ಮನೆಮನೆಗೂ ಹೇಳಿದರೆಂದು ಕಾಣುತ್ತದೆ. ಮರುವರ್ಷ ಹಟ್ಟಿಯ ಗಾಡಿಗಳೆಲ್ಲ ಕಡ್ಡಿಗೇ ಹಾರ ಕಟ್ಟಿಕೊಂಡು ಸುಖವಾಗಿ ಓಡಾಡಿದವು. "ಶರಣಪ್ಪಾ, ನೀ ಗಿರಾಕಿಗೋಳಿಗೆ ಪಾಠ ಹೇಳಿ ನನ್ನ ಹೊಟ್ಟಿ ಮ್ಯಾಲ ಹೊಡ್ಯಾಕತ್ತೀದಿ" ಎಂದು ವೀರಭದ್ರಪ್ಪನವರು ಗೊಣಗಿದರು.

ಹೊಸಬರಿಗೆ ನನ್ನ ಒಂದು ಮಾತು ಇದೆ. ಮನೆಯಲ್ಲಿ ತಾವೇ ಗಾಡಿಗೆ ಕೈಹಾಕಿ ಬಂದವರನ್ನು ನೋಡಿ ನಗಬೇಡಿ. ಗುರುಗುಂಟಾದ ಒಬ್ಬರು ಸೀಳಿದ ಪೈಪಿಗೆ ಸೈಕಲ್ ಟ್ಯೂಬ್ ಸುತ್ತಿ, ಅದರ ಮೇಲೆ ಅಂಗಿಯ ಬಟ್ಟೆ ಸುತ್ತಿ, ಅದರ ಮೇಲೆ ಸುಣ್ಣ ಬೆಲ್ಲ ಕಲಸಿ ಮೆತ್ತಿಕೊಂಡು ಬಂದಿದ್ದರು. ನೋಡಿದರೆ ಮುರಿದ ಕಾಲಿಗೆ ನಾಟಿ ವೈದ್ಯರು ಕಟ್ಟಿದ ಹಾಗಿತ್ತು. ಆದರೂ ಆ ಮನುಷ್ಯ ಸರಿಯಾದ ಜಾಗ ಹುಡುಕಿದ್ದ. ನಾವು ನಕ್ಕರೆ ಜನ ತಾವು ಏನು ಮಾಡಿದೆವೆಂದು ಹೇಳುವುದಿಲ್ಲ. ಅವರು ಹೇಳದಿದ್ದರೆ ನಾವು ಇಡೀ ಇಂಜಿನ್ ಬಿಚ್ಚಿ ಕೂರಬೇಕಾಗುತ್ತದೆ.

ಮತ್ತೆ ಸಿಂಧನೂರಿಗೆ ಬಂದೆ. ಅಷ್ಟರಲ್ಲಿ ಸ್ಕ್ಯಾನರ್ ಬಂದಿತ್ತು. ಗಾಡಿಗೆ ತಂತಿ ಚುಚ್ಚಿದರೆ ಪರದೆಯ ಮೇಲೆ ರೋಗದ ಹೆಸರು ಬರುತ್ತದೆ. ವೀರಭದ್ರಪ್ಪನವರು ಅದನ್ನು ಹೊಸ ಅಳಿಯನಂತೆ ನೋಡಿಕೊಂಡರು, ನಮಗೆ ಮುಟ್ಟಲೂ ಬಿಡಲಿಲ್ಲ. ಆದರೆ ಚೋರ್ ಹವಾದ ಗಾಡಿ ಬಂದಾಗ ಸ್ಕ್ಯಾನರ್, ಗಾಳಿ ಹೆಚ್ಚಾಗಿದೆ, ಪೆಟ್ರೋಲ್ ಕಡಿಮೆಯಾಗಿದೆ ಎಂದಷ್ಟೇ ಹೇಳುತ್ತಿತ್ತು. ಎಲ್ಲಿಂದ ಎಂದು ಹೇಳುತ್ತಿರಲಿಲ್ಲ. ಮಾಲೀಕರು ಅದಕ್ಕೂ ನಮಗೆ ಬೈದಂತೆ ಬೈಯುತ್ತಿದ್ದರು. "ಗಾಳಿ ಜಾಸ್ತಿ ಆಗ್ಯಾದಂತ ನನಗೂ ಗೊತ್ತದ! ಎಲ್ಲಿಂದ ಬಂದದ ಬೊಗಳು!" ಕಡೆಗೆ, "ಶರಣಪ್ಪಾ, ನಿನ್ನ ಕಿವಿ ತಗೊಂಡ್ ಬಾ" ಎನ್ನುತ್ತಿದ್ದರು. ಆ ಮಾತು ಕೇಳಿದರೆ ನನಗೆ ಎರಡು ಕೊಂಬು ಬಂದಂತೆ ಆಗುತ್ತಿತ್ತು.

ಆ ಕಿವಿ ಯಾವಾಗ ಹೋಯಿತೋ ನನಗೆ ಗೊತ್ತಿಲ್ಲ. ಕಂಪ್ರೆಸರಿನ ಆರ್ಭಟ, ತಗಡು ಬಡಿಯುವ ಸದ್ದು, ಇವುಗಳ ನಡುವೆಯೇ ಬದುಕಿದವನು ನಾನು. ಜನರ ಮಾತು ಕೇಳುತ್ತಿತ್ತು, ಇಂಜಿನ್ನಿನ ಗಡಗಡ ಕೇಳುತ್ತಿತ್ತು. ಆ ಸಣ್ಣ ಸುಂಯ್ ಮಾತ್ರ ಮಾಯವಾಗಿತ್ತು. ಇತ್ತೀಚೆಗೆ ಗಾಡಿಗಳನ್ನು ಚೆನ್ನಾಗಿ ಮಾಡುತ್ತಾರೆ, ಪೈಪು ಸೀಳುವುದೇ ಇಲ್ಲ ಎಂದು ನಾನು ಸಮಾಧಾನದಲ್ಲಿದ್ದೆ. ಒಂದು ದಿನ ಪೈಪು ಕಿವಿಗೆ ಹಿಡಿದು ಬಗ್ಗಿದ್ದಾಗ ಮಾಲೀಕರು ಪಕ್ಕದಲ್ಲಿ ಬಂದು ನಿಂತರು.

"ಏನೂ ಇಲ್ರೀ, ಪೈಪ್ ಎಲ್ಲಾ ಛಲೋ ಅದಾವು" ಎಂದೆ.

"ಶರಣಪ್ಪಾ, ನಾ ಇಲ್ಲಿ ನಿಂತೀನಿ, ನನಗ ಸುಂಯ್ ಅನ್ನೂದು ಕೇಳಾಕತ್ಯಾದ. ನಿನಗ ಕೇಳವಲ್ದೇನು?"

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮರುದಿನ, "ಇನ್ನ ನೀ ಕೌಂಟರಿನ್ಯಾಗ ಕುಂದ್ರು. ಬಂದವ್ರಿಗೆ ಚಹಾ ಹೇಳು, ಫೋನ್ ಎತ್ತು" ಎಂದರು. ಕಿವಿ ಮಂದವಾದವನಿಗೆ ಫೋನ್ ಎತ್ತುವ ಕೆಲಸ! ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ಅತ್ತೆ. ಬಾನೆಟ್ ಎತ್ತಿದ ಗಾಡಿಯನ್ನು ದೂರದಿಂದ ನೋಡುತ್ತ ಕುಳಿತಿರುವುದು ಎಂಥ ಶಿಕ್ಷೆ ಎಂಬುದು ಈ ಕೆಲಸದವರಿಗಷ್ಟೇ ಗೊತ್ತು.

ಹೀಗೆ ಕೌಂಟರಿನಲ್ಲಿ ಕುಳಿತ ದಿನಗಳಲ್ಲೇ, ಒಂದು ಗುರುವಾರ ಬೆಳಿಗ್ಗೆ, ಸುಜಾತಾ ಎಂಬ ಹೆಣ್ಣುಮಗಳು ಬಂದಳು. ಮಸ್ಕಿಯವಳು. ಲಿಂಗಸುಗೂರಿನ ಒಂದು ಆಸ್ಪತ್ರೆಯಲ್ಲಿ ರಕ್ತ, ಕಫ ಪರೀಕ್ಷೆ ಮಾಡುವ ಲ್ಯಾಬ್ ಟೆಕ್ನೀಷಿಯನ್. ಸಣ್ಣ ಹಳೆಯ ಕಾರು, ಡ್ಯಾಶ್‌ಬೋರ್ಡಿನ ಮೇಲೆ ಬುದ್ಧನ ಪುಟ್ಟ ಮೂರ್ತಿ. ಗೇಟಿನಲ್ಲೇ ಕಾರು ಆಫ್ ಆಯಿತು. ಆಕೆ ಸ್ಟೇರಿಂಗ್ ಮೇಲೆ ಹಣೆಯಿಟ್ಟು ಸ್ವಲ್ಪ ಹೊತ್ತು ಹಾಗೇ ಕುಳಿತಳು. ಮತ್ತೆ ಸ್ಟಾರ್ಟ್ ಮಾಡಿ ಒಳಗೆ ತಂದು, ಕೌಂಟರಿಗೆ ಬಂದಳು.

"ಅಣ್ಣಾರ, ಖರೇ ಹೇಳಿಬಿಡ್ತೀನಿ. ಮನ್ಯಾಗ ನಾನ ಏರ್ ಫಿಲ್ಟರ್ ತೆಗೆದು, ಧೂಳ ಝಾಡಿಸಿ ಹಾಕೀನಿ. ಮರುದಿನದಿಂದ ಹಿಂಗ ನಿಲ್ಲಾಕತ್ಯಾದ. ಪ್ಲಗ್ ಬದಲಿ ಮಾಡಿಸೀನಿ, ಕಾಯಿಲ್ ಬದಲಿ ಮಾಡಿಸೀನಿ. ತೋರ್ಸಿದ ಕಡೆಯೆಲ್ಲಾ ನೀವು ಯಾಕ್ ಕೈ ಹಾಕಿದ್ರಿ, ನೀವ ಕೆಡಿಸೀರಿ ಅಂತಾರ."

ಹೇಳುತ್ತ ಹೇಳುತ್ತ ಉಳಿದದ್ದೂ ಹೊರಗೆ ಬಂತು. ಅವರ ಮನೆತನದಲ್ಲಿ ಕಾರು ಕಲಿತ ಮೊದಲ ಹೆಣ್ಣುಮಗಳು ಅವಳೇ. ತನ್ನ ಸಂಬಳದಿಂದ ಕಾರು ಕೊಂಡು, ಪಕ್ಕದಲ್ಲಿ ತಾಯಿಯನ್ನು ಕೂರಿಸಿಕೊಂಡು ಊರೆಲ್ಲ ತೋರಿಸಿದ್ದಳು. ಕೆಲವು ದಿನಗಳ ಹಿಂದೆ ಮಸ್ಕಿಯ ಹಂಪಿನ ಮೇಲೆ ಕಾರು ಆಫ್ ಆಯಿತು, ಹಿಂದೆ ಬಂದ ಲಾರಿ ಇನ್ನೇನು ಗುದ್ದಿಬಿಟ್ಟಿತು ಎನ್ನುವಷ್ಟರಲ್ಲಿ ಕಿರುಚಿ ನಿಂತಿತು. ಪಕ್ಕದಲ್ಲಿದ್ದ ತಾಯಿ ಅವಳ ತೋಳು ಹಿಡಿದುಕೊಂಡವಳು ಮನೆಗೆ ಬರುವವರೆಗೂ ಬಿಟ್ಟಿರಲಿಲ್ಲ. ಗಂಡ ಪ್ರಕಾಶ ಕೆಟ್ಟವನಲ್ಲ, ಹೆದರಿದ್ದ. ಗಾಡಿ ಮಾರಿಬಿಡೋಣ ಎಂದು ಕೊಳ್ಳುವವರನ್ನು ಆ ಗುರುವಾರದ ಸಂಜೆಗೇ ಮನೆಗೆ ಕರೆದಿದ್ದ.

"ಬ್ಯಾರೆ ಗಾಡಿ ತಗೋಬಹುದಲ್ಲ ತಂಗೀ" ಎಂದೆ.

"ಇಲ್ರೀ ಅಣ್ಣಾರ. ಇದನ್ನ ಕೆಡಿಸಿದಾಕಿ ನಾನ ಅಂತ ತಲ್ಯಾಗ ಕುಂತ್ರ, ನಾ ಮತ್ತ ಸ್ಟೇರಿಂಗ್ ಹಿಡ್ಯಂಗಿಲ್ಲ. ನನಗ ನಾ ಗೊತ್ತದೀನಿ."

ಭತ್ತದ ಕೊಯ್ಲಿನ ಕಾಲ. ನಮ್ಮ ಮೆಕ್ಯಾನಿಕ್‌ಗಳೆಲ್ಲ ಗದ್ದೆಗಳಲ್ಲಿ ಕೈಕೊಟ್ಟ ಗಾಡಿಗಳ ಬೆನ್ನು ಹತ್ತಿ ಹೋಗಿದ್ದರು. ವೀರಭದ್ರಪ್ಪನವರು ಒಮ್ಮೆ ಕಾರಿನ ಕಡೆ, ಒಮ್ಮೆ ನನ್ನ ಕಡೆ ನೋಡಿದರು. "ಸಂಜಿಗೆ ಮಾರೂ ಗಾಡಿ. ನೀನ ನೋಡು ಶರಣಪ್ಪಾ" ಎಂದು ಒಳಗೆ ಹೋದರು. ಮಾರುವ ಗಾಡಿಯಾದ್ದರಿಂದ ಕೆಟ್ಟರೂ ಚಿಂತೆಯಿಲ್ಲ ಎಂಬ ಅರ್ಥ ಅದರಲ್ಲಿತ್ತು. ನನಗೆ ಚುರುಕ್ ಎಂದಿತು. ಆದರೂ ಪಾನಾ ಎತ್ತಿಕೊಂಡೆ.

ಉಸ್ತಾದರನ್ನು ನೆನೆದು ಮೊದಲು ಕೈಕಟ್ಟಿ ನಿಂತೆ. ಕಿವಿಗೆ ಏನೂ ಸಿಗಲಿಲ್ಲ. ಸರಿ, ಬೇರೆ ದಾರಿ. ಕಾಣುವ ಪೈಪುಗಳನ್ನು ಒಂದೊಂದಾಗಿ ಚಿವುಟಿ ಹಿಡಿದು, ಇನ್ನೊಂದು ಕೈಯನ್ನು ಗಾಡಿಯ ಮೈಮೇಲಿಟ್ಟೆ. ನಡುಗುವಿಕೆ ಬದಲಾಗಲಿಲ್ಲ. ಸೀಳಿದ್ದರೆ ನೀರು ಅದನ್ನು ಮುಚ್ಚಿ ನಡುಕ ತಗ್ಗಬೇಕೆಂದು ಸಣ್ಣಗೆ ನೀರು ಚಿಮುಕಿಸಿ ನೋಡಿದೆ. ಅದೂ ಇಲ್ಲ. ಏರ್ ಫಿಲ್ಟರಿನ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ ಇಂಜಿನ್ ಮೇಲೆಯೇ ಕೂತಿತ್ತು. ಅದನ್ನು ಬಿಚ್ಚಿ ಎತ್ತಿದೆ. ಇಂಜಿನ್ ಒಮ್ಮೆಲೇ ಸಾಧುವಾಯಿತು! ಎಷ್ಟು ಹೊತ್ತು ಬಿಟ್ಟರೂ ಆಫ್ ಆಗಲಿಲ್ಲ. ಪೆಟ್ಟಿಗೆ ಮತ್ತೆ ಕೂರಿಸಿದೆ, ನಡುಗಿ ಆಫ್. ಇದೇ ಎಲ್ಲರನ್ನೂ ಯಾಮಾರಿಸಿತ್ತು. ಹುಡುಕಲು ಪೆಟ್ಟಿಗೆ ತೆಗೆದವರಿಗೆ ಕಳ್ಳ ಸಿಗುತ್ತಿರಲಿಲ್ಲ, ಕಳ್ಳ ಇರುವಾಗ ಪೆಟ್ಟಿಗೆ ಅಡ್ಡ ಬಂದು ಕೈ ಕಣ್ಣು ಯಾವುದೂ ಒಳಗೆ ಹೋಗುತ್ತಿರಲಿಲ್ಲ.

ಇಂಥ ಕಡೆಗೇ ಕಿವಿ ಬೇಕು. ನಾನು ಪೈಪಿನ ತುಂಡನ್ನು ಸುಜಾತಾಳ ಕೈಗೆ ಕೊಟ್ಟೆ.

"ನನ್ನ ಕಿವಿ ಮಂದ ಆಗ್ಯಾವ ತಂಗೀ. ನೀ ಕೇಳು. ಪೆಟಿಗಿ ಸುತ್ತ ಎಲ್ಲಿ ಸುಂಯ್ ಅಂತದ ಹೇಳು."

ಆಕೆ ಶ್ರದ್ಧೆಯಿಂದ ಬಗ್ಗಿ ಕೇಳಿದಳು. ಮುಖ ಸಪ್ಪಗಾಯಿತು. "ಎಲ್ಲಾ ಕಡಿನೂ ಸುಂಯ್ ಅಂತದ್ರೀ ಅಣ್ಣಾರ!"

ಅದೂ ನಿಜವೇ. ಪಳಗದ ಕಿವಿಗೆ ಇಂಜಿನ್ನಿನ ಎಲ್ಲ ಸದ್ದೂ ಸುಂಯ್ ಎಂದೇ ಕೇಳಿಸುತ್ತದೆ. ನಾನು ಸೋತು ಟೈರಿನ ಮೇಲೆ ಕುಳಿತುಬಿಟ್ಟೆ. ಎದುರಿಗಿನ ಕೌಂಟರು, ಅದರ ಮೇಲಿನ ಫೋನು ಕಣ್ಣಿಗೆ ಬಿದ್ದವು. ಉಳಿದ ಬದುಕು ಅಲ್ಲೇ ಎಂದುಕೊಂಡೆ. ಆಕೆಯೂ ಪಕ್ಕದ ಟೈರಿನ ಮೇಲೆ ಕುಳಿತಳು.

"ನಿಮ್ಮ ಕೆಲಸ ಕೇಳಿ ಹುಡುಕೂದು, ನಮ್ಮದು ನೋಡಿ ಹುಡುಕೂದು" ಎಂದಳು. "ಕಫದಾಗಿನ ಕ್ರಿಮಿ ಬರೇ ಗಾಜಿನ ಮ್ಯಾಲ ಇಟ್ರ ಕಾಣಂಗಿಲ್ರೀ. ಬಣ್ಣ ಹಾಕಿದ್ರ ಎದ್ದು ಕಾಣ್ತದ. ಗಾಳಿಗೆ ಹಂಗ ಬಣ್ಣ ಹಾಕಾಕ ಬರಂಗಿಲ್ಲೇನ್ರೀ?"

"ಗಾಳಿಗೆ ಯಾರವ್ವಾ ಬಣ್ಣ ಹಾಕ್ತಾರ?" ಎಂದು ನಾನು ಕೈಚೆಲ್ಲಿದೆ.

ಗುರುವಾರ ಎಂದೆನಲ್ಲ. ಪ್ರತಿ ಗುರುವಾರ ಲಾಲ್‌ಸಾಬ್ ಎಂಬ ಫಕೀರರು ನಮ್ಮ ರಸ್ತೆಯ ಅಂಗಡಿಗಳಿಗೆಲ್ಲ ಲೋಬಾನ ಹಾಕಲು ಬರುತ್ತಾರೆ. ಸರಪಳಿಯ ಧೂಪದಾನಿಯಲ್ಲಿ ಕೆಂಡ, ಕೆಂಡದ ಮೇಲೆ ಲೋಬಾನದ ಪುಡಿ, ಕೈಯಲ್ಲೊಂದು ಬೀಸಣಿಗೆ. ಹಣೆ ತುಂಬ ವಿಭೂತಿ ಹಚ್ಚುವ ವೀರಭದ್ರಪ್ಪನವರೂ ಗಲ್ಲಾಪೆಟ್ಟಿಗೆಗೆ ಆ ಹೊಗೆ ತಾಗದೆ ಗುರುವಾರ ಊಟಕ್ಕೆ ಏಳುವುದಿಲ್ಲ. ಆ ಹೊತ್ತಿಗೆ ಸರಿಯಾಗಿ ಲಾಲ್‌ಸಾಬ್ ಗೇಟಿನೊಳಗೆ ಬಂದರು. ಗಲ್ಲಾಪೆಟ್ಟಿಗೆಯ ಮೇಲೆ ಬೆಳ್ಳಗೆ, ದಪ್ಪಗೆ, ಸುರುಳಿ ಸುರುಳಿಯಾಗಿ ಹೊಗೆ ಎದ್ದಿತು. ನಾನು ಸುಜಾತಾಳ ಮುಖ ನೋಡಿದೆ, ಆಕೆ ನನ್ನ ಮುಖ ನೋಡಿದಳು. ಇಬ್ಬರೂ ಒಟ್ಟಿಗೇ ಎದ್ದೆವು.

"ಲಾಲ್‌ಸಾಬ್ರೆ, ಇತ್ತ ಬರ್ರಿ! ಈ ಗಾಡಿಗೆ ಹಾಕ್ರಿ!"

"ಗಾಡಿಗಾ? ದೃಷ್ಟಿ ಆಗ್ಯಾದೇನ್ರೀ?"

"ಆಗ್ಯಾದ, ಆಗ್ಯಾದ. ಹತ್ರ ಬರಬ್ಯಾಡ್ರಿ, ಅಲ್ಲೇ ನಿಂತು ಬೀಸ್ರಿ."

ಎಲ್ಲೂ ಪೆಟ್ರೋಲ್ ಒದ್ದೆಯಿಲ್ಲ ಎಂದು ಮೊದಲೇ ಕೈಯಾಡಿಸಿ ನೋಡಿಕೊಂಡಿದ್ದೆ. ಕೆಂಡವನ್ನು ದೂರವೇ ನಿಲ್ಲಿಸಿದೆ. ಸುಜಾತಾ ಇಂಜಿನ್ ಸ್ಟಾರ್ಟ್ ಮಾಡಿ, ಆಫ್ ಆಗದಂತೆ ಎಕ್ಸಿಲೇಟರ್ ಕೊಂಚ ತುಳಿದಿದ್ದಳು. ಲಾಲ್‌ಸಾಬರು ಏನೋ ಮಂತ್ರಿಸುತ್ತ ಬೀಸಿದರು. ಹೊಗೆ ಬಾನೆಟ್ಟಿನ ಅಡಿಗೆ ಬಂತು, ಇಂಜಿನ್ ಮೇಲೆ ಮೋಡದಂತೆ ಹರಡಿತು, ಮೇಲಕ್ಕೆ ಹೋಯಿತು. ನಾನು ಕಣ್ಣು ಮಿಟುಕಿಸದೆ ನಿಂತಿದ್ದೆ. ಹೊಗೆಯೆಲ್ಲ ಮೇಲೆ ಹೋಗುತ್ತಿದ್ದರೆ, ಪೆಟ್ಟಿಗೆಯ ಎಡ ಮೂಲೆಯಲ್ಲಿ ದಾರದಷ್ಟು ಸಣ್ಣ ಎಳೆಯೊಂದು ಕೆಳಗೆ ಬಾಗಿ, ಸರ್ರನೆ ಪೆಟ್ಟಿಗೆಯಡಿ ಹೋಗಿ ಇಲ್ಲವಾಯಿತು. ಮತ್ತೊಂದು ಎಳೆ. ಅದೂ ಅಲ್ಲೇ.

"ತಂಗೀ, ಕಾಣ್ತು! ಬಂದ್ ಮಾಡು, ಬಂದ್ ಮಾಡಿ ಇಲ್ಲಿ ಬಾ!"

ಅಷ್ಟರಲ್ಲಿ ವೀರಭದ್ರಪ್ಪನವರು ಬಾನೆಟ್ಟಿನಿಂದ ಹೊಗೆ ಏಳುವುದನ್ನು ಕಂಡು "ಬೆಂಕಿ! ಬೆಂಕಿ!" ಎಂದು ಕೂಗುತ್ತ ಮರಳಿನ ಬಕೆಟ್ ಹಿಡಿದು ಓಡಿಬಂದರು. ಲಾಲ್‌ಸಾಬರು ಗಾಬರಿಯಿಂದ ಹೊರಗೆ ಓಡಿದರು. ನಾನು ಪೆಟ್ಟಿಗೆ ಎತ್ತಿ, ಗಡ್ಡ ಕೆರೆಯುವ ಕನ್ನಡಿಯನ್ನು ಒಳಗೆ ಹಿಡಿದೆ. ಎಡ ಮೂಲೆಯ ಅಡಿಯಲ್ಲಿ ಬಾಗಿದ ಒಂದು ರಬ್ಬರ್ ಎಲ್ಬೋ ಪೈಪು. ಮೇಲಿನಿಂದ ನೋಡಿದರೆ ಗಟ್ಟಿಮುಟ್ಟು. ಪೆಟ್ಟಿಗೆ ಒತ್ತುವಂತೆ ಅದನ್ನು ಬೆರಳಿನಿಂದ ಒತ್ತಿದೆ. ಅಡಿಭಾಗದಲ್ಲಿ ಸೀಳು ಬಾಯಿ ತೆರೆಯಿತು. ಬೆರಳು ಬಿಟ್ಟರೆ ಮುಚ್ಚಿಕೊಂಡಿತು.

ಸುಜಾತಾ ಅದನ್ನು ನೋಡಿ ಖುಷಿಪಡಲಿಲ್ಲ. "ಅಂದ್ರ, ಪೆಟಿಗಿ ತೆಗೆದು ಹಾಕಿದಾಕಿ ನಾನ. ನಾನ ಕೆಡಿಸೀನಿ" ಎಂದಳು.

ಸುಳ್ಳು ಸಮಾಧಾನ ಹೇಳಬಾರದು ಎನಿಸಿತು. ಪೈಪನ್ನು ಬಿಚ್ಚಿ ಅವಳ ಅಂಗೈಯಲ್ಲಿಟ್ಟೆ. "ಬಗ್ಗಿಸಿ ನೋಡು" ಎಂದೆ. ಆಕೆ ಮೆಲ್ಲಗೆ ಬಗ್ಗಿಸಿದಳು. ಒಣ ರೊಟ್ಟಿಯಂತೆ ಲಟಕ್ಕೆಂದು ಮುರಿಯಿತು.

"ನಿನ್ನ ಕೈ ತಾಗಿ ಸೀಳಿತು, ಖರೆ. ಆದ್ರ ರಬ್ಬರ್ ಎಂದೋ ಸತ್ತಾದ. ನಮ್ಮ ಬಿಸಲಿಗೆ, ಇಂಜಿನ್ ಕಾವಿಗೆ ಕಟ್ಟಿಗಿ ಆಗ್ಯಾದ. ನೀ ಮುಟ್ಟಲಿಲ್ಲಂದ್ರ ಎಲ್ಲೋ ನಡುದಾರ್ಯಾಗ ತಾನ ಸೀಳ್ತಿತ್ತು. ಫಿಲ್ಟರ್ ಝಾಡಿಸಿದ್ದು ತಪ್ಪಲ್ಲ ತಂಗೀ. ಮುಂದನೂ ಝಾಡಿಸು. ಹಂಗ ಝಾಡಿಸುವಾಗ ಅಡಿಯ ಪೈಪನ್ನೂ ಒಮ್ಮಿ ಹಿಚುಕಿ ನೋಡು. ಮೆತ್ತಗಿದ್ರ ಬಿಡು, ಗಟ್ಟಿ ಆಗಿದ್ರ ಬದಲಿ ಮಾಡು."

ಆಕೆ ಮುರಿದ ತುಂಡುಗಳನ್ನು ಬಿಸಾಡಲಿಲ್ಲ, ಕರವಸ್ತ್ರದಲ್ಲಿ ಸುತ್ತಿ ಪರ್ಸಿನಲ್ಲಿಟ್ಟುಕೊಂಡಳು.

ಹೊಸ ಎಲ್ಬೋ ಎದುರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೇ ಸಿಕ್ಕಿತು. ಹಾಕಿ, ಪೆಟ್ಟಿಗೆ ಕೂರಿಸಿ ಸ್ಟಾರ್ಟ್ ಮಾಡಿದೆವು. ವೀರಭದ್ರಪ್ಪನವರು ಬಕೆಟ್ ಕೆಳಗಿಟ್ಟು, ನಡೆಯುತ್ತಿರುವ ಇಂಜಿನ್ನನ್ನು ಬಹಳ ಹೊತ್ತು ನೋಡಿದರು. "ಕೌಂಟರಿನ್ಯಾಗ ಬ್ಯಾರೆ ಯಾರನ್ನರ ಕುಂದ್ರಸ್ತೀನಿ" ಎಂದಷ್ಟೇ ಅಂದು ಒಳಗೆ ಹೋದರು. ಆ ಮನುಷ್ಯ ಯಾರನ್ನೂ ಹೊಗಳಿದವರಲ್ಲ, ಅವರ ಬಾಯಿಂದ ಅದೇ ದೊಡ್ಡ ಮಾತು. ಮುಂದೆ ಅವರು ಸೀಳು ಹುಡುಕಲೆಂದೇ ತಯಾರಾದ ಹೊಗೆ ಯಂತ್ರ ತರಿಸಿದರು. ನಿಲ್ಲಿಸಿದ ಇಂಜಿನ್ನಿನೊಳಗೆ ತಣ್ಣನೆಯ ಹೊಗೆ ತುಂಬಿದರೆ ಸೀಳಿನಿಂದ ಹೊರಗೆ ಬರುತ್ತದೆ. ನಿವೃತ್ತಿಯವರೆಗೂ ಅದು ನನ್ನ ಕೈಯಲ್ಲೇ ಇತ್ತು. ಹೊಸಬರು ಅದನ್ನೇ ಬಳಸಿ. ನಾನು ಮಾಡಿದೆನೆಂದು ಇಂಜಿನ್ ಹತ್ತಿರ ಕೆಂಡ, ಊದುಬತ್ತಿ ಒಯ್ಯಬೇಡಿ. ಆವತ್ತು ಬುದ್ಧಿಗಿಂತ ಅದೃಷ್ಟ ಹೆಚ್ಚಿತ್ತು. ಕಿವಿಗಳನ್ನೂ ಕಾಪಾಡಿಕೊಳ್ಳಿ, ತಗಡು ಬಡಿಯುವಾಗ ಹತ್ತಿ ಇಟ್ಟುಕೊಳ್ಳಲು ನಾಚಬೇಡಿ.

ಆದರೆ ಆ ಗುರುವಾರ ಇನ್ನೂ ಮುಗಿದಿರಲಿಲ್ಲ. "ಅಣ್ಣಾರ, ಮಸ್ಕಿತನಕ ಬರ್ರಿ. ಬಸ್ಸಿಗೆ ಹತ್ತಿಸಿ ಕಳಸ್ತೀನಿ" ಎಂದಳು ಸುಜಾತಾ. ಪಕ್ಕದಲ್ಲಿ ಕುಳಿತೆ. ಊರು ದಾಟಿ, ಗದ್ದೆಗಳ ನಡುವೆ ಕಾರು ಹಾಯಾಗಿ ಓಡಿತು. ಓಡುವಾಗ ಅದು ಮೊದಲೂ ಚೆನ್ನಾಗಿಯೇ ಓಡುತ್ತಿತ್ತು. ನಮ್ಮಿಬ್ಬರ ಮನಸ್ಸೂ ಹಂಪಿನ ಮೇಲೆ ಇತ್ತು. ಮಸ್ಕಿಯ ಗುಡ್ಡ ಕಂಡಾಗ ಆಕೆ ವೇಗ ತಗ್ಗಿಸಿದಳು. ಲಾರಿ ಕಿರುಚಿದ ಅದೇ ಹಂಪ್ ಬಂತು. ಮುಂದೆ ಒಂದು ಎತ್ತಿನ ಗಾಡಿ ಅಡ್ಡ ನಿಂತಿತ್ತು, ಹಿಂದೆ ಬಸ್ಸು. ಕಾರು ಹಂಪಿನ ನೆತ್ತಿಯ ಮೇಲೆಯೇ ನಿಲ್ಲಬೇಕಾಯಿತು. ನನ್ನ ಕಿವಿಯನ್ನು ನಾನು ನಂಬಲಿಲ್ಲ, ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟೆ. ಆಕೆ ಎಕ್ಸಿಲೇಟರಿ‌ನಿಂದ ಕಾಲು ಪೂರ್ತಿ ತೆಗೆದಿದ್ದಳು. ಬಸ್ಸು ಹಾರ್ನ್ ಹೊಡೆಯಿತು. ಅಂಗೈಯ ಕೆಳಗೆ ಇಂಜಿನ್ ತಣ್ಣಗೆ, ಒಂದೇ ಸಮ, ನಡೆಯುತ್ತಲೇ ಇತ್ತು. ಎತ್ತಿನ ಗಾಡಿ ಸರಿಯಿತು. ಸುಜಾತಾ ಗೇರ್ ಹಾಕಿ ಹಂಪ್ ಇಳಿಸಿದಳು.

ಮನೆಯ ಮುಂದೆ ಪ್ರಕಾಶ ಮತ್ತು ಕಾರು ಕೊಳ್ಳಲು ಬಂದವರು ಕುರ್ಚಿ ಹಾಕಿಕೊಂಡು ಕುಳಿತಿದ್ದರು. ತಾಯಿ ಬಾಗಿಲಲ್ಲಿ ನಿಂತಿದ್ದಳು. ಸುಜಾತಾ ಕಾರನ್ನು ಅವರ ಎದುರಿಗೇ ತಂದು ನಿಲ್ಲಿಸಿ, ಇಂಜಿನ್ ಬಂದ್ ಮಾಡದೆ ಇಳಿದಳು. ಪರ್ಸಿನಿಂದ ಕರವಸ್ತ್ರ ತೆಗೆದು ಮುರಿದ ತುಂಡುಗಳನ್ನು ಗಂಡನ ಕೈಗೆ ಕೊಟ್ಟು, ಏನಾಗಿತ್ತೆಂದು ಹೇಳಿದಳು. ಒಳಗೆ ಹೋಗಿ ಎಲ್ಲರಿಗೂ ಚಹಾ ತಂದಳು. ಕುಡಿದೆವು. ಕಾರು ನಡೆಯುತ್ತಲೇ ಇತ್ತು. ಕೊಳ್ಳಲು ಬಂದವರು ಕಾರಿನ ಕಡೆ ನೋಡಿದರು, ಪ್ರಕಾಶನ ಕಡೆ ನೋಡಿದರು. ಪ್ರಕಾಶ ತುಂಡುಗಳನ್ನು ತಿರುವಿ ತಿರುವಿ ನೋಡುತ್ತಿದ್ದವನು ತಲೆಯೆತ್ತಿ, "ಮಾಫ್ ಮಾಡ್ರಿ, ಗಾಡಿ ಮಾರಂಗಿಲ್ಲ. ಗಾಡಿ ಆಕೀದದ" ಎಂದ.

ತಾಯಿಗೆ ಇದಾವುದರ ಪರಿವೆಯೇ ಇರಲಿಲ್ಲ. ಅವಳ ಚಿಂತೆ ಬೇರೆ. "ಯವ್ವಾ ಸುಜಾತಾ, ಬಂದ್ ಮಾಡ ಅದನ್ನ. ಸುಮ್ಮ ನಿಂತಲ್ಲೇ ಎಣ್ಣಿ ಸುಡಾಕತ್ಯಾದ."

"ಇರ್ಲಿ ಬೇ ಯವ್ವಾ" ಎಂದಳು ಸುಜಾತಾ, ಕಪ್ಪು ಕೆಳಗಿಟ್ಟು. "ಇಷ್ಟ ದಿನ ಅದು ತನಗ ಬೇಕಾದಲ್ಲಿ ಬಂದ್ ಆಗಾಕತ್ತಿತ್ತು. ಇವತ್ತ ನನಗ ಬೇಕಾದಾಗ ನಾ ಬಂದ್ ಮಾಡ್ತೀನಿ."

ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತು ಕೇಳಿದಳು. ಆಮೇಲೆ ಹೋಗಿ, ಕಿಟಕಿಯಿಂದ ಕೈಹಾಕಿ, ಕೀಲಿ ತಿರುವಿದಳು.